ಹದಿನೇಳನೇ ನಂಬರಿನ ಮನುಷ್ಯ

ಸುಳ್ಳು ಹೇಳುವುದು ನನಗೆ ಒಗ್ಗುವ ಕೆಲಸವಲ್ಲ. ಸಿಟ್ಟು ಬಂದರೆ ಬೈಯುತ್ತೇನೆ. ಸಿಟ್ಟು ಇಳಿದ ಮೇಲೆ, ಮೊದಲು ಬೈದದ್ದು ಸಾಲದಾಯಿತಲ್ಲ ಎಂದು ಇನ್ನೊಂದು ಸಲ ಬೈಯುತ್ತೇನೆ. ಅಷ್ಟೇ. ಇಂಥ ನಾನು ಎರಡು ದೇಶಗಳ ವಿದ್ವಾಂಸರು ಎರಡು ವರ್ಷ ಕೂತು ಕಟ್ಟಿದ ಸಂಶೋಧನೆಯ ಬುಡಕ್ಕೇ ಒಂದು ಸುಳ್ಳು ಇಟ್ಟೆ. ಅದಕ್ಕೆ ಕಾರಣ ನನ್ನ ಹೆಂಡತಿಯ ತಮ್ಮ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಗೊಂದಲವಿಲ್ಲ, ನನಗೂ ಸಮಾಧಾನ.

ನಮ್ಮದು ನೂಲಿಗೆ ಬಣ್ಣ ಹಾಕುವ ಶೆಡ್ಡು. ನಾನು ಹಳದಿ, ಕಿತ್ತಳೆ, ಕೆಂಪು, ಕಂದು ಹಾಕುತ್ತೇನೆ. ಎದುರು ಶೆಡ್ಡಿನಲ್ಲಿ ನನ್ನ ಭಾವಮೈದುನ ನೀಲಿ ಹಾಕುತ್ತಾನೆ. ಮೂವತ್ತು ವರ್ಷ ಬಣ್ಣದಲ್ಲಿ ಅದ್ದಿದ ಕೈ ಯಾವ ಸೋಪಿಗೂ ಬಗ್ಗುವುದಿಲ್ಲ. ಬೀದಿಯವರು ನನ್ನನ್ನು ಕೆಂಪುಗೈ ಎನ್ನುತ್ತಾರೆ, ಅವನನ್ನು ನೀಲಿಗೈ ಎನ್ನುತ್ತಾರೆ. ಇಬ್ಬರ ಶೆಡ್ಡಿನ ನೀರೂ ಒಂದೇ ಚರಂಡಿಗೆ ಬಿದ್ದು, ಮೂಲೆಯ ಚಪ್ಪಲಿ ಅಂಗಡಿ ತಲುಪುವ ಹೊತ್ತಿಗೆ ನೇರಳೆಯಾಗುತ್ತದೆ. ನಾವಿಬ್ಬರೂ ಕೂಡಿಕೊಳ್ಳುವ ಜಾಗ ಅದೊಂದೇ.

ಒಂದು ಬೆಳಿಗ್ಗೆ ಬೀದಿಯ ನಟ್ಟನಡುವೆ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಕೂತರು. ನಿವೃತ್ತ ಶಾಲಾ ಮೇಡಂ. ಯಾವುದೋ ಸರ್ವೇ ಕಂಪನಿಯವರು ಫಾರಂಗಳ ಕಟ್ಟು ಕೊಟ್ಟು ಕಳಿಸಿದ್ದರು. ಶೆಡ್ಡಿನ ಹಬೆಗೆ ಕನ್ನಡಕ ಮಂಜಾಗುತ್ತದೆಂದು ವಿಚಾರಣೆಯೆಲ್ಲ ಬೀದಿಯಲ್ಲೇ. ಮೊದಲು ಅವರು ನನ್ನ ಮಾವನವರ ಹೆಸರು ಹಿಡಿದು ಕೂಗಿದರು, ಆಮೇಲೆ ನನ್ನ ಅಪ್ಪನ ಹೆಸರು ಹಿಡಿದು ಕೂಗಿದರು. ಇಬ್ಬರೂ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಆದರೆ ಕಚೇರಿಯ ಪಟ್ಟಿಯಲ್ಲಿ ಎರಡು ಶೆಡ್ಡುಗಳನ್ನೂ ಇನ್ನೂ ಅವರೇ ನಡೆಸುತ್ತಿದ್ದರು.

"ಅವರಿಲ್ಲದಿದ್ರೆ ನೀವೇ ಹೇಳಿ," ಎಂದರು ಮೇಡಂ. "ಹೆಸರು ಬರೆಯಲ್ಲ, ನಂಬರ್ ಮಾತ್ರ. ಇವರು ಹದಿನಾರು, ನೀವು ಹದಿನೇಳು."

ಹದಿನಾರನೆಯವನಾದ ಭಾವಮೈದುನ ಮೊದಲು ಕೂತ.

"ಒಮ್ಮೆ ಬಳಸಿದ ನೀರನ್ನ ಚೆಲ್ಲೋ ಮೊದಲು ಎಷ್ಟು ಸಲ ಮತ್ತೆ ಬಳಸ್ತೀರಿ?"

ಅವನು ನನ್ನ ಕಡೆ ಒಂದು ಓರೆನೋಟ ಬಿಟ್ಟು, "ಎರಡು ಸಲ ಮೇಡಂ," ಎಂದ.

ಎರಡು ಸಲವಂತೆ! ಸ್ನಾನದ ಬಕೆಟ್ಟನ್ನೂ ಎರಡು ಸಲ ಬಳಸದ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ನನ್ನ ಸರದಿ ಬಂತು. ಮೇಡಂ ಕನ್ನಡಕದ ಮೇಲಿಂದ ನೋಡಿದರು. ಸೊನ್ನೆ ಎನ್ನಬೇಕಾಗಿತ್ತು, ನಿಜ. ಆದರೆ ನನ್ನ ಹಳ್ಳಿಯ ಶಾಲೆಯಲ್ಲಿ ಇಂಥದೇ ಕನ್ನಡಕದ ಮೇಲಿಂದ ನೋಡುವವರ ಎದುರು ನನಗೆ ಬೇಕಾದಷ್ಟು ಸೊನ್ನೆ ಸಿಕ್ಕಿತ್ತು. ಹಿಂದೆ ಭಾವಮೈದುನ ಬೇರೆ ಗೋಡೆಗೆ ಒರಗಿಕೊಂಡು ಕಿವಿ ನೆಟ್ಟಗೆ ಮಾಡಿಕೊಂಡಿದ್ದ.

"ನಾಲ್ಕು ಸಲ," ಎಂದೆ.

"ಸರಕು ಹೊರದೇಶಕ್ಕೆ ಹೋಗುತ್ತಾ?"

"ಮೂರು ದೇಶಕ್ಕೆ."

"ನೀರು ಉಳಿಸೋದಕ್ಕೆ ಯಾವುದಾದರೂ ಕಾನೂನು, ಅಧಿಕಾರಿಗಳ ಒತ್ತಾಯ?"

"ನನಗೆ ಒತ್ತಾಯ ಮಾಡೋ ಗಂಡಸು ಇನ್ನೂ ಹುಟ್ಟಿಲ್ಲ, ಮೇಡಂ. ಎಲ್ಲ ನನ್ನ ಸ್ವಂತ ತಲೆ."

ಮೇಡಂ ಅದನ್ನೂ ಅಕ್ಷರ ಬಿಡದೆ ಬರೆದುಕೊಂಡರು. ಭಾವಮೈದುನನ ಮುಖ ಅವನ ಕೈಗಿಂತ ನೀಲಿಯಾಯಿತು. ಆ ದಿನ ನಾನು ಎರಡು ತುತ್ತು ಹೆಚ್ಚಿಗೆ ಉಂಡೆ.

ನನಗೆ ಒಬ್ಬಳೇ ಮಗಳು. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಗಂಟಲು ಸರಿಮಾಡಿಕೊಂಡು, "ಆರ್ಥಿಕ ಅಭಿವೃದ್ಧಿ, ವ್ಯಾಪಾರ ಮತ್ತು ಪರಿಸರ ನೀತಿ," ಎನ್ನುತ್ತೇನೆ. ಅದೆಂದರೇನು ಎಂದು ಮುಂದೆ ಕೇಳಿದವರಿಗೆ ಬೈಯುತ್ತೇನೆ. ನನಗೆ ತಿಳಿದದ್ದಿಷ್ಟು: ಇದು ಎರಡು ದೇಶದವರ ವಿನಿಮಯ. ಇಲ್ಲಿನ ನಲವತ್ತು ಬಣ್ಣದವರ ಉತ್ತರ ಅಲ್ಲಿಗೆ ಹೋಗುತ್ತದೆ, ಅಲ್ಲಿನ ನಲವತ್ತು ಬಣ್ಣದವರ ಉತ್ತರ ಇಲ್ಲಿಗೆ ಬರುತ್ತದೆ. ಇಲ್ಲಿಂದ ಒಬ್ಬರು ಆರು ತಿಂಗಳು ಅಲ್ಲಿಗೆ ಹೋಗಿ ಕೆಲಸ ಮಾಡಬಹುದು. ಆ ಒಂದು ಜಾಗಕ್ಕಾಗಿ ನನ್ನ ಮಗಳು ಎರಡು ವರ್ಷದಿಂದ ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡಿದ್ದಳು.

ಸರ್ವೇ ಆಗಿ ಎರಡು ತಿಂಗಳ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವಳು ತಟ್ಟೆಯ ಪಕ್ಕದಲ್ಲಿ ಕಾಗದ ಹರಡಿಕೊಂಡು ಹೇಳಿದಳು: "ಅಮ್ಮ, ನಮ್ಮ ನಲವತ್ತು ಜನರಲ್ಲಿ ಒಬ್ಬ ರತ್ನ ಸಿಕ್ಕಿದಾನೆ. ಯಾರೂ ಹೇಳಿಕೊಡದೆ ನೀರನ್ನ ನಾಲ್ಕು ಸಲ ಬಳಸ್ತಾನಂತೆ! ವ್ಯಾಪಾರ ಬೆಳೆದ್ರೆ ಸಣ್ಣ ಕೆಲಸಗಾರರು ತಾವೇ ನೀರು ಕಾಪಾಡ್ತಾರೆ ಅನ್ನೋದು ನನ್ನ ವಾದ. ಆಗಲ್ಲ, ಕಾನೂನು ಬೇಕು ಅನ್ನೋದು ಆ ಕಡೆ ಪ್ರೊಫೆಸರ್ ವಾದ. ಇಷ್ಟು ದಿನ ನನ್ನ ಹತ್ರ ಸಾಕ್ಷಿ ಇರಲಿಲ್ಲ. ಈಗ ಹದಿನೇಳನೇ ನಂಬರಿನವನು ಇದ್ದಾನೆ."

"ನಮ್ಮ ಬೀದಿಯವನಾ?" ಎಂದಳು ನನ್ನ ಹೆಂಡತಿ.

"ಯಾರು ಅಂತ ನನಗೂ ಗೊತ್ತಾಗಬಾರದಮ್ಮ, ಅದು ನಿಯಮ. ಸ್ವಂತದವರನ್ನಂತೂ ಸೇರಿಸಬಾರದು. ಅಪ್ಪನ ಹೆಸರು, ಮಾವನ ಹೆಸರು ಎರಡನ್ನೂ ಬಿಡಿ ಅಂತ ನಾನೇ ಬರೆದುಕೊಟ್ಟಿದ್ದೆ. 'ನನಗೆ ಒತ್ತಾಯ ಮಾಡೋ ಗಂಡಸು ಇನ್ನೂ ಹುಟ್ಟಿಲ್ಲ' ಅಂದನಂತೆ! ಎಂಥ ಮನುಷ್ಯ ನೋಡು!"

ತುತ್ತು ನನ್ನ ಗಂಟಲಲ್ಲೇ ನಿಂತಿತು. ಹೆಂಡತಿ ಬೆನ್ನಿಗೆ ಗುದ್ದಿ ನೀರು ಕುಡಿಸಿದಳು. ಮಗಳು ಬಿಡಿಸಿದ್ದು ನಮ್ಮಿಬ್ಬರ ಹೆಸರು. ಮೇಡಂ ಹುಡುಕಿಕೊಂಡು ಬಂದದ್ದು ನಮ್ಮಿಬ್ಬರ ಅಪ್ಪಂದಿರನ್ನು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು, "ಪ್ರೊಫೆಸರಿಗೆ ಬರೆದಿದೀನಿ. ಅವರು ಒಪ್ಪಿದ್ರೆ ಆ ಜಾಗ ನಂದೇ," ಎಂದು ಬೆರಳುಗಳನ್ನು ಕಾಗದದ ಮೇಲೆ ಹಾಗೇ ಸವರಿದಳು. ತೆರೆದ ಬಾಯಿಗೆ ಇನ್ನೊಂದು ತುತ್ತು ಹಾಕಿಕೊಂಡೆ.

ಅಲ್ಲಿಂದ ಹನ್ನೊಂದು ದಿನ ನಮ್ಮ ಮನೆಯಲ್ಲಿ ಹದಿನೇಳನೆಯವನದೇ ರಾಜ್ಯ. ನಾನು ಕೈ ತೊಳೆಯುವಾಗ ನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ, "ಹದಿನೇಳನೆಯವನಾಗಿದ್ರೆ ಹೀಗೆ ಬಿಡ್ತಿರಲಿಲ್ಲ," ಎಂದಳು ಹೆಂಡತಿ. ಗಿರಾಕಿಯೊಬ್ಬನಿಗೆ ಬೈದು ಬಂದರೆ, "ಆ ಮನುಷ್ಯ ನೋಡಿ, ಮೂರು ದೇಶದವರ ಹತ್ರ ಹೊಂದಿಕೊಂಡು ಹೋಗ್ತಾನೆ," ಎಂದಳು.

"ನೀನೇನು ಅವನನ್ನ ನೋಡಿದೀಯಾ?" ಎಂದು ಗುಡುಗಿದೆ.

"ನೋಡಬೇಕಾ? ಮಾತಿನಲ್ಲೇ ಗೊತ್ತಾಗಲ್ವಾ? ತಣ್ಣಗಿನ ಮನುಷ್ಯ."

ಒಬ್ಬ ಗಂಡಸು ತನ್ನ ಹೆಂಡತಿ ಪರಪುರುಷನನ್ನು ಹೊಗಳುವುದನ್ನು ಸಹಿಸಬಹುದೇನೋ. ಪರಪುರುಷ ತಾನೇ ಆಗಿದ್ದು ಅದನ್ನು ಹೇಳಲಾಗದೆ ಕೂರುವ ಕಷ್ಟ ಯಾವ ಸಂಶೋಧಕನೂ ಇನ್ನೂ ಬರೆದಿಲ್ಲ.

ಒಂಬತ್ತನೆಯ ದಿನ ಅವಳು ಮಗಳನ್ನು ಕೇಳಿದಳು: "ಅಲ್ವೇ, ಆ ಹದಿನೇಳನೆಯವನಿಗೆ ಮದುವೆಗೆ ಬಂದ ಗಂಡು ಮಗ ಇದ್ದಾನಾ? ಫಾರಂನಲ್ಲಿ ಬರೆದಿರ್ತಾರಲ್ಲ."

"ಒಬ್ಬಳೇ ಮಗಳು ಅಂತಿದೆ ಅಮ್ಮ."

"ಛೇ," ಎಂದಳು ಹೆಂಡತಿ, ನಿಜವಾಗಿ ನೊಂದುಕೊಂಡು. "ಎಂಥ ಒಳ್ಳೇ ಸಂಬಂಧ ತಪ್ಪಿಹೋಯ್ತು."

ಹನ್ನೆರಡನೆಯ ದಿನ ಸರ್ವೇ ಮೇಡಂ ಶೆಡ್ಡಿಗೆ ಬಂದರು. ಯಾವ ನಂಬರು ಯಾರದು ಎಂದು ಗೊತ್ತಿದ್ದವರು ಅವರೊಬ್ಬರೇ. ಹೊರದೇಶದ ಪ್ರೊಫೆಸರ್ ಇನ್ನು ಹದಿನೈದು ದಿನಕ್ಕೆ ಬರುತ್ತಾರೆ, ಹದಿನೇಳನೆಯವರನ್ನು ಕಣ್ಣಾರೆ ನೋಡಬೇಕಂತೆ, ನೀವು ಒಪ್ಪಿದರೆ ಮಾತ್ರ ಕರೆತರುವುದು, ಎಂದರು.

"ಒಪ್ಪದಿದ್ರೆ?"

"ಒಪ್ಪದಿದ್ರೆ ಬಿಡಬಹುದು. ಆದರೆ ಅಂಥ ಮನುಷ್ಯನೇ ಇಲ್ಲ, ಕಟ್ಟುಕತೆ ಅಂತ ಅವರು ಅಂದುಕೋತಾರೆ. ಪಾಪ, ಯಾರೋ ಹುಡುಗಿ ಕಷ್ಟಪಟ್ಟು ಬರೆದಿದಾಳಂತೆ."

"ಬರಲಿ," ಎಂದೆ. ನಾಲಿಗೆ ನನ್ನದೇ, ಆದರೆ ನನ್ನ ಮಾತು ಕೇಳುವುದಿಲ್ಲ.

ಮೇಡಂ ಹೋದ ಮೇಲೆ ಬೀದಿ ದಾಟಿ ಭಾವಮೈದುನನ ಶೆಡ್ಡಿಗೆ ಹೋದೆ. ಇಪ್ಪತ್ತು ವರ್ಷದಲ್ಲಿ ನಾನಾಗಿ ಆ ಹೊಸಿಲು ತುಳಿದದ್ದು ಅದೇ ಮೊದಲು. ಅವನು ಕೈಯಲ್ಲಿದ್ದ ನೂಲಿನ ಲಡಿ ಹಂಡೆಗೆ ಬಿಟ್ಟು, "ಯಾರಾದ್ರೂ ಹೋಗ್ಬಿಟ್ರಾ ಭಾವ?" ಎಂದ.

ಎಲ್ಲ ಹೇಳಿದೆ. ಅವನು ನಗಲು ಶುರುಮಾಡಿದ. ನಕ್ಕು ನಕ್ಕು ನೆಲಕ್ಕೆ ಕೂತ.

"ನಾಲ್ಕು ಸಲ! ಭಾವ, ನಾನು ಎರಡು ಅಂದಾಗಲೇ ನನಗೆ ಬೆವರು ಬಂದಿತ್ತು. ನಂದೂ ಸೊನ್ನೆನೇ."

"ಗೊತ್ತು ಕಣಯ್ಯಾ, ಅದಕ್ಕೇ ನಾಲ್ಕು ಅಂದಿದ್ದು. ಈಗ ನಗಬೇಡ. ಅದು ನಿನ್ನ ಸೊಸೆ ಕೆಲಸ."

ಅಕ್ಕನ ಮಗಳೆಂದರೆ ಅವನಿಗೆ ಪ್ರಾಣ. ನಗು ತಟ್ಟನೆ ನಿಂತಿತು. ಎದ್ದು ನೀಲಿ ಕೈ ಒರೆಸಿಕೊಂಡು, "ಹದಿನೈದು ದಿನ ಇದೆಯಲ್ಲ, ನಿಜ ಮಾಡೋಣ," ಎಂದ.

ನಿಜ ಮಾಡುವುದು ಸುಳ್ಳು ಹೇಳಿದಷ್ಟು ಸುಲಭವಲ್ಲ. ನನ್ನ ಶೆಡ್ಡಿನ ಹಿಂದೆ ಇಬ್ಬರೂ ಸೇರಿ ನಾಲ್ಕು ತೊಟ್ಟಿ ಕಟ್ಟಿದೆವು. ತೊಟ್ಟಿಗೂ ತೊಟ್ಟಿಗೂ ನಡುವೆ ಜಲ್ಲಿ, ಮರಳು, ಇದ್ದಿಲು. ತಿಳಿಹಳದಿ ನೂಲು ತೊಳೆದ ನೀರು ಸೋಸಿ ಹಳದಿಗೆ, ಹಳದಿಯದು ಕಿತ್ತಳೆಗೆ, ಕಿತ್ತಳೆಯದು ಕೆಂಪಿಗೆ, ಕೆಂಪಿನದು ಕಂದಿಗೆ. ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಇಳಿಯುತ್ತ ಹೋದರೆ ಒಂದೇ ನೀರು ಮತ್ತೆ ನಾಲ್ಕು ಸಲ ದುಡಿಯುತ್ತದೆ ಎಂಬುದು ಲೆಕ್ಕ. ಮೂವತ್ತು ವರ್ಷ ಆ ನೀರನ್ನು ಚರಂಡಿಗೆ ಚೆಲ್ಲುವಾಗ ಈ ಲೆಕ್ಕ ಹೊಳೆಯಲಿಲ್ಲ. ತೊಟ್ಟಿ ಕಟ್ಟುವಾಗಲೂ ನಾವಿಬ್ಬರೂ ಜಗಳವಾಡುವುದನ್ನು ಬಿಡಲಿಲ್ಲ. ಮರಳು ಮೇಲೋ ಇದ್ದಿಲು ಮೇಲೋ ಎಂದು ಒಂದು ಇಡೀ ದಿನ ಹೋಯಿತು. ಹಿಂದಿನ ಮನೆಯ ಹೊಲಿಗೆಯಮ್ಮ ಕಿಟಕಿಯಲ್ಲಿ ನಿಂತು, "ಇಬ್ಬರೂ ಸೇರಿ ಏನನ್ನೋ ಹೂಳ್ತಿದಾರೆ," ಎಂದು ನನ್ನ ಹೆಂಡತಿಗೆ ಸುದ್ದಿ ಮುಟ್ಟಿಸಿದರು.

"ರೀ, ಏನು ನಡೀತಿದೆ ಅಲ್ಲಿ?"

"ನಿನ್ನ ತಮ್ಮನ್ನ ಕೇಳು."

ಅವಳು ತಮ್ಮನನ್ನು ಕೇಳಿದಳು. ಅವನು "ಭಾವನ್ನ ಕೇಳು," ಎಂದ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಮಾತು ಹೇಳಿದ್ದು ಇದೇ ಮೊದಲು. ಅವಳಿಗೆ ನಿಜವಾಗಿಯೂ ಭಯವಾಯಿತು.

ಎರಡನೆಯ ಸಲದ ನೀರು ಚೆನ್ನಾಗಿಯೇ ಬಂತು. ಆ ಕಿತ್ತಳೆಯನ್ನು ನೋಡಿ ಇಬ್ಬರೂ ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಂಡೆವು. ಮೂರನೆಯದಕ್ಕೆ ಬಂದಾಗ ಭಾವಮೈದುನನಿಗೆ ಉತ್ಸಾಹ ಹೆಚ್ಚಾಗಿ, ನನಗೆ ಹೇಳದೆ ತನ್ನ ಶೆಡ್ಡಿನ ನೀಲಿ ನೀರನ್ನೂ ಒಂದು ಪೈಪಿನಲ್ಲಿ ತಂದು ಬಿಟ್ಟ. ಹೊರಬಂದ ನೂಲಿನ ಬಣ್ಣಕ್ಕೆ ಯಾವ ಭಾಷೆಯಲ್ಲೂ ಹೆಸರಿಲ್ಲ. ಮಳೆಯಲ್ಲಿ ನೆನೆದ ಕತ್ತೆಗೆ ಕಾಮಾಲೆ ಬಂದರೆ ಹಾಗೆ ಕಾಣಬಹುದು. ಗಿರಾಕಿ ಲಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದೇನಿದು?"

"ಹೊಸ ಬಣ್ಣ," ಎಂದ ಭಾವಮೈದುನ.

"ಯಾರು ಉಟ್ಕೋತಾರೆ ಇದನ್ನ?"

"ಹೊರದೇಶದವರು."

ಗಿರಾಕಿ ನನ್ನ ಮುಖ ನೋಡಿದ. ಈ ಸಲ ಬೈಗುಳ ಅವನ ಕಡೆಯಿಂದ ಬಂತು. ಕೇಳಿಸಿಕೊಂಡೆ. ಬೈಯುವುದರಲ್ಲಿ ಅವನಿಗೆ ಅಷ್ಟೇನೂ ಕಸುಬುಗಾರಿಕೆ ಇಲ್ಲ.

ಹದಿನೈದನೆಯ ದಿನ ಬಂತು. ಎರಡನೇ ತೊಟ್ಟಿಯವರೆಗೆ ನೀರು ಸರಿಯಾಗಿತ್ತು. ಮೂರನೆಯದು ಕೈಕೊಟ್ಟಿತ್ತು, ನಾಲ್ಕನೆಯದು ಖಾಲಿ. ನಾನು ಒಗೆದ ಅಂಗಿ ಹಾಕಿಕೊಂಡು ಹಂಡೆಯ ಪಕ್ಕ ನಿಂತೆ. ವ್ಯಾನು ಬಂತು. ಮೊದಲು ಸರ್ವೇ ಮೇಡಂ ಇಳಿದರು. ಆಮೇಲೆ ಎತ್ತರದ, ಬೋಳುತಲೆಯ ಪ್ರೊಫೆಸರ್ ಇಳಿದರು. ಕೊನೆಗೆ ಮಗಳು ಇಳಿದಳು. ಅವಳ ಗೈಡಿಗೆ ಯಾವುದೋ ಮೀಟಿಂಗ್ ಬಿದ್ದುದರಿಂದ ಪ್ರೊಫೆಸರಿಗೆ ಭಾಷೆ ತಿಳಿಸಲು ಅವಳೊಬ್ಬಳೇ ಬಂದಿದ್ದಳು.

ಅವಳು ಬೀದಿ ನೋಡಿದಳು, ಶೆಡ್ಡು ನೋಡಿದಳು, ನನ್ನನ್ನು ನೋಡಿದಳು.

"ಅಪ್ಪ, ವ್ಯಾನು ಇಲ್ಯಾಕೆ ನಿಂತಿತು? ಹದಿನೇಳನೆಯವರು..." ಎಂದವಳು ಅಲ್ಲಿಗೇ ನಿಂತಳು.

"ಇವರೇ ಕಣಮ್ಮ," ಎಂದರು ಸರ್ವೇ ಮೇಡಂ ಹೆಮ್ಮೆಯಿಂದ.

ಬಾಗಿಲಲ್ಲಿ ಚಹಾದ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಂಡತಿ, "ಅಯ್ಯೋ ದೇವರೇ, ಇಷ್ಟು ದಿನ ನಾನು ಹೊಗಳಿದ್ದು ಇವರನ್ನಾ!" ಎಂದಳು. ಮೋಸ ಹೋದವಳ ದನಿ ಅದು.

ಪ್ರೊಫೆಸರ್ ನಗುಮುಖದಿಂದ ಏನೋ ಕೇಳಿದರು. ಮಗಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಬಣ್ಣವೇ ಇರಲಿಲ್ಲ.

"ನೀರನ್ನ ಎಷ್ಟು ಸಲ ಮತ್ತೆ ಬಳಸ್ತೀರಿ ಅಂತ ಕೇಳ್ತಿದಾರೆ," ಎಂದಳು. ನನ್ನ ಮಗಳು ನನಗೆ 'ನೀವು' ಎಂದಿದ್ದು ಅದೇ ಮೊದಲು.

"ನೀನು ಕೇಳ್ತಿದೀಯೋ, ಅವರು ಕೇಳ್ತಿದಾರೋ?"

"ನಾನೂ ಕೇಳ್ತಿದೀನಿ."

"ಹಾಗಾದ್ರೆ ಹೇಳು," ಎಂದೆ. "ಆವತ್ತು ನಾಲ್ಕು ಅಂದಾಗ ಸೊನ್ನೆ. ಇವತ್ತು ಎರಡು. ಮೂರಕ್ಕೆ ಹೋದ್ರೆ ಕತ್ತೆ ಬಣ್ಣ ಬರುತ್ತೆ. ಹೊರದೇಶಕ್ಕೆ ಹೋಗಿದ್ದು ಒಂದೇ ಸಲ, ಯಾರೋ ನೆಂಟರ ಪೆಟ್ಟಿಗೇಲಿ ಒಂದು ಹೊದಿಕೆ. ಅದರ ಬಣ್ಣವೂ ಬಿಟ್ಟಿತಂತೆ."

ಭಾವಮೈದುನ ಮೆಲ್ಲಗೆ ಅವಳ ಹತ್ತಿರ ಬಂದ. "ಪುಟ್ಟಿ, ನಾಲ್ಕು ಅಂತ ಹೇಳ್ಬಿಡು. ಆ ಮನುಷ್ಯನಿಗೇನು ಗೊತ್ತಾಗುತ್ತೆ? ತೊಟ್ಟಿ ನಾಲ್ಕಿದಾವೆ, ಎಣಿಸಿ ತೋರಿಸೋಣ. ನಿನ್ನ ಜಾಗ ನಿನಗೆ ಸಿಗುತ್ತೆ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅಲ್ಲಿ ಎರಡೂ ಭಾಷೆ ಬರುತ್ತಿದ್ದವಳು ಅವಳೊಬ್ಬಳೇ. ಅವಳು ಏನು ಹೇಳಿದರೂ ಅದೇ ನಿಜವಾಗುತ್ತಿತ್ತು. ಅವಳು ಮಾವನ ಮುಖ ನೋಡಿದಳು, ಆಮೇಲೆ ತೊಟ್ಟಿಗಳನ್ನು ನೋಡಿದಳು. ಪ್ರೊಫೆಸರ್ ಪೆನ್ನು ಹಿಡಿದು ಕಾಯುತ್ತಿದ್ದರು.

ಅವಳು ಹೇಳಿದಳು. ಅವಳ ಮಾತು ನನಗೆ ತಿಳಿಯಲಿಲ್ಲ. ಆದರೆ ಅವಳು ನಾಲ್ಕು ಬೆರಳು ಎತ್ತಿದ್ದು ಕಂಡಿತು. ಒಂದೊಂದಾಗಿ ನಾಲ್ಕನ್ನೂ ಮಡಚಿದಳು. ಆಮೇಲೆ ಎರಡು ಎತ್ತಿದಳು. ಕೊನೆಗೆ ನನ್ನ ಕಡೆ ಕೈ ತೋರಿಸಿ ಒಂದು ಸಣ್ಣ ಮಾತು ಹೇಳಿದಳು. ಪ್ರೊಫೆಸರರ ಪೆನ್ನು ನಿಂತಿತು.

"ಏನಂದೆ ಕೊನೆಗೆ?"

"ನನ್ನಪ್ಪ ಅಂದೆ."

ಪ್ರೊಫೆಸರ್ ತಲೆ ಸವರಿಕೊಂಡು ಒಂದು ಪ್ರಶ್ನೆ ಕೇಳಿದರು. ಯಾಕೆ ಸುಳ್ಳು ಹೇಳಿದಿರಿ ಅಂತ, ಎಂದಳು ಮಗಳು.

"ಇವನು ಕೇಳಿಸಿಕೊಳ್ತಾ ಇದ್ದ," ಎಂದು ಭಾವಮೈದುನನನ್ನು ತೋರಿಸಿದೆ.

"ಇವರು ನೋಡ್ತಾ ಇದ್ರು, ಅದಕ್ಕೇ ನಾನು ಎರಡು ಅಂದೆ," ಎಂದು ಅವನು ನನ್ನನ್ನು ತೋರಿಸಿದ.

"ಇಷ್ಟು ವರ್ಷ ಯಾವ ಅಧಿಕಾರಿ ಹೇಳಿದ್ರೂ ಕೇಳದವರು ಈಗ ತೊಟ್ಟಿ ಯಾಕೆ ಕಟ್ಟಿದಿರಿ ಅಂತ," ಎಂದಳು ಮಗಳು.

ನಾನು ಸುತ್ತಿ ಬಳಸಿ ಮಾತಾಡುವವನಲ್ಲ. "ಹನ್ನೊಂದು ದಿನ ನನ್ನ ಮನೇಲಿ, ನನ್ನ ತಟ್ಟೆ ಮುಂದೆ, ನೀನು ಬೇರೆ ಯಾವನನ್ನೋ ಹೊಗಳಿದೆ. ನನ್ನ ಕೈಲಿ ತಡೆಯೋಕಾಗಲಿಲ್ಲ. ಇದನ್ನೂ ಹೇಳು ಅವರಿಗೆ."

ಅವಳು ಅದನ್ನು ಹೇಳಲು ಎರಡು ಸಲ ಶುರುಮಾಡಿ ಎರಡು ಸಲ ನಿಲ್ಲಿಸಿದಳು. ಮೂರನೆಯ ಸಲ ಹೇಳಿ ಮುಗಿಸಿದಳು. ಪ್ರೊಫೆಸರ್ ಮುಂದೆ ಬಂದು ನನ್ನ ಕೈ ಕುಲುಕಿದರು. ಕೈ ಒದ್ದೆಯಾಗಿತ್ತು. ಅವರ ಬಿಳಿಯ ಅಂಗೈ ಕೆಂಪಾಯಿತು. ಅದನ್ನು ನೋಡಿಕೊಳ್ಳುತ್ತ ಅವರು ಬಹಳ ಹೊತ್ತು ಮಾತಾಡಿದರು.

"ಏನಂತೆ?" ಎಂದ ಭಾವಮೈದುನ.

"ಅವರ ನಲವತ್ತು ಜನರಲ್ಲೂ ಐದು ಸಲ, ಆರು ಸಲ ಅಂದವರು ಮೂವರಿದಾರಂತೆ. ವಾಪಸ್ ಹೋಗಿ, ಅವರು ಉತ್ತರ ಹೇಳುವಾಗ ಪಕ್ಕದಲ್ಲಿ ಯಾರು ನಿಂತಿದ್ರು ಅಂತ ವಿಚಾರಿಸ್ತಾರಂತೆ."

"ಅಂದ್ರೆ ಅಲ್ಲೂ ಭಾವಮೈದುನರು ಇದಾರೆ," ಎಂದ ಅವನು, ಬಹಳ ಸಮಾಧಾನದಿಂದ.

"ನಿನ್ನ ಜಾಗ?" ಎಂದೆ ನಾನು.

ಅವಳು ಕಾಗದಗಳನ್ನು ಜೋಡಿಸಿಕೊಳ್ಳುತ್ತ, "ಈ ವರ್ಷ ಇಲ್ಲ. ಹದಿನಾರು, ಹದಿನೇಳು ಎರಡನ್ನೂ ತೆಗೀಬೇಕು, ಸ್ವಂತದವರು. ಉಳಿದವರನ್ನೆಲ್ಲ ಮೊದಲಿನಿಂದ ಕೇಳಬೇಕು. ಹಾಗೆ ಮಾಡಿದ್ರೆ ಮುಂದಿನ ವರ್ಷ ನೋಡೋಣ ಅಂದ್ರು," ಎಂದಳು. ವ್ಯಾನು ಹೊರಟಿತು.

ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾನು ಯಾರಿಗೂ ಬೈಯಲಿಲ್ಲ. ಗಾಬರಿಯಾದ ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳ ಎದುರು ಹೋಗಿ ಕೂತೆ.

"ಬೈ ನನ್ನನ್ನ."

"ಬೈಯೋಕೆ ಬರಲ್ಲ ಅಪ್ಪ."

"ನನ್ನ ಹೊಟ್ಟೇಲಿ ಹುಟ್ಟಿ ಬೈಯೋಕೆ ಬರಲ್ವಾ?"

ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಸೆರಗು ಹಿಡಿದು ಪಕ್ಕದಲ್ಲಿ ನಿಂತಿದ್ದ ಹೆಂಡತಿ ಯಾವುದನ್ನು ಒರೆಸಬೇಕೆಂದು ತಿಳಿಯದೆ ನನ್ನ ಮುಖ ಒರೆಸಿದಳು.

"ನಾನು ಅಷ್ಟು ಹೊಗಳ್ತಾ ಇದ್ದೆನಲ್ಲ, ಆಗಲೇ ಯಾಕೆ ಹೇಳಲಿಲ್ಲ ನೀನು?" ಎಂದಳು ಮಗಳು.

"ನೀನು ಹೊಗಳ್ತಾ ಇದ್ದೆಯಲ್ಲ, ಅದಕ್ಕೇ ಹೇಳಲಿಲ್ಲ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿ ಫಾರಂಗಳ ಕಟ್ಟು ಎಳೆದುಕೊಂಡಳು. ಆಮೇಲೆ, "ಉಳಿದ ಮೂವತ್ತೆಂಟು ಶೆಡ್ಡಿಗೆ ನಾನೇ ಹೋಗ್ಬೇಕು ಅಪ್ಪ. ಒಬ್ಬೊಬ್ಬರನ್ನೇ, ಒಳಗೆ ಕೂರಿಸಿ ಕೇಳ್ಬೇಕು. ಪಕ್ಕದಲ್ಲಿ ಒಂದು ನರಪಿಳ್ಳೆನೂ ಇರಬಾರದು. ಆದ್ರೆ ನಾನು ಕಾಲಿಟ್ಟ ಕಡೆ ಬೀದಿ ಬೀದಿನೇ ಹಿಂದೆ ಬರುತ್ತೆ. ಹೇಗೆ ಓಡಿಸೋದು?" ಎಂದಳು.

ಓಡಿಸುವುದು! ಅಲ್ಲಿಯವರೆಗೆ ವ್ಯಾಪಾರ, ಪರಿಸರ, ನೀತಿ ಇವುಗಳಲ್ಲಿ ನನಗೆ ಬರುವ ಕೆಲಸ ಏನೂ ಇರಲಿಲ್ಲ.

ಮರುದಿನದಿಂದ ಶೆಡ್ಡಿಗೆ ಅರ್ಧ ದಿನ ಬೀಗ. ಸ್ಕೂಟರಿನ ಹಿಂದೆ ಮಗಳು, ಅವಳ ಮಡಿಲಲ್ಲಿ ಫಾರಂಗಳು. ಪ್ರತಿ ಶೆಡ್ಡಿನಲ್ಲೂ ಅವಳು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಾಳೆ, ನಾನು ಹೊರಗೆ ನಿಲ್ಲುತ್ತೇನೆ. ಅಣ್ಣ ಬಂದರೂ ಸರಿ, ತಮ್ಮ ಬಂದರೂ ಸರಿ, ಪಕ್ಕದ ಶೆಡ್ಡಿನವನು ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಬಂದರೂ ಸರಿ, ನನ್ನನ್ನು ದಾಟಿ ಒಬ್ಬನೂ ಕಿವಿ ಕೊಟ್ಟಿಲ್ಲ. ಭಾವಮೈದುನ ನೋಡಿಕೊಂಡು ಹೋಗುತ್ತೇನೆಂದು ಒಂದು ದಿನ ಬಂದಿದ್ದ. ಅವನನ್ನು ಹಿಂದಿನ ಬಾಗಿಲಿಗೆ ಕಾವಲು ಹಾಕಿದೆ.

ನಿನ್ನೆ ಇಪ್ಪತ್ತೆರಡನೆಯ ಶೆಡ್ಡು. ಅದರ ಯಜಮಾನ ನನಗಿಂತ ದೊಡ್ಡ ಗಂಟಲಿನವನು. ಒಳಗೆ ಮಗಳು ಏನೋ ಕೇಳಿದಳು. ಗೋಡೆ ನಡುಗುವ ಹಾಗೆ ಅವನು "ಐದು ಸಲ!" ಎಂದ. ಮಗಳು ಏನೂ ಹೇಳಿರಲಿಕ್ಕಿಲ್ಲ, ಸುಮ್ಮನೆ ಕಾದಿರಬೇಕು. ಆಮೇಲೆ ಅವನ ದನಿ ಇಳಿಯಿತು. ಇನ್ನೂ ಇಳಿಯಿತು. ದೊಡ್ಡ ಮನುಷ್ಯ ಪಿಸುಗುಟ್ಟತೊಡಗಿದ.

ನಾನು ಬಾಗಿಲಿನಿಂದ ಹತ್ತು ಹೆಜ್ಜೆ ಹಿಂದೆ ಸರಿದು, ಚರಂಡಿಯ ಆಚೆ ಹೋಗಿ ನಿಂತೆ.